ಒಂದು ಗುರು, ಎರಡು ಲಘು

ದುರ್ಗಿಗುಡಿಯ ನಮ್ಮ ಪ್ರೆಸ್ಸಿನಲ್ಲಿ
ತಪ್ಪು ಅಚ್ಚಾದ ಲಗ್ನಪತ್ರಿಕೆ ಬಿಸಾಡುವುದಿಲ್ಲ,
ಹಿಂಬದಿ ಖಾಲಿ ಇರುತ್ತದೆ, ಲೆಕ್ಕಕ್ಕಾಗುತ್ತದೆ.
ವಿನುತಾ ಎಂಬ ಹುಡುಗಿ ವಿತುನಾ ಆಗಿ
ನಾನೂರು ಪ್ರತಿ ಹೊರಬಂದದ್ದು ನನ್ನ ಕಣ್ತಪ್ಪಿನಿಂದ.
ಅವಳ ಬೆನ್ನ ಮೇಲೇ ಬರೆದೆ ನನ್ನ ಪಟ್ಟಿ:

ಪ್ರೊಸೆಸರ್. ಅದು ಕೂರಲು ಬೋರ್ಡು.
ಎಂಟು ಜಿಬಿಯ ರ‍್ಯಾಮು ಎರಡು, ಅದರಲ್ಲೊಂದಕ್ಕೆ ಗೀಟು.
ಕೊನೆಗೆ ಗ್ರಾಫಿಕ್ಸ್ ಕಾರ್ಡು, ಅದರ ಮುಂದೆ: ಆಮೇಲೆ.

ವೈಶಾಖದಲ್ಲಿ ಊರಿಗೂರೇ ಮದುವೆಯಾಯಿತು.
ಪತ್ರಿಕೆ ಮಡಿಸಿದ್ದಕ್ಕೆಲ್ಲ ಓಟಿ.
ಹೊಳಲೂರಿನವರ ಮದುವೆ ರ‍್ಯಾಮಾಯಿತು,
ಕುಂಸಿಯ ಎರಡು ಜೋಡಿ ಸೇರಿ ಒಂದು ಎಸ್ಸೆಸ್ಡಿ.
ಕ್ಯಾಬಿನೆಟ್ಟು ಖಲಂದರನ ಅಂಗಡಿಯದು, ಪಕ್ಕದ ಗಾಜಿಲ್ಲ,
ಗಾಜಿನ ಜಾಗಕ್ಕೆ ಪ್ರೆಸ್ಸಿನ ರಟ್ಟು.
ಗುಂಡಿಯಷ್ಟು ದಪ್ಪದ ಸ್ಪೀಕರೊಂದನ್ನು ಕೊಸರಿಗೆ ಕೊಟ್ಟ.

ಭಾನುವಾರ ಸ್ಟೀಲು ಬೀರು ಮುಟ್ಟಿ ಮುಟ್ಟಿ
ಮೈಯ ಕರೆಂಟು ಕಳೆದುಕೊಂಡು ಕೂತೆ.
ಪೇಸ್ಟು ಬಟಾಣಿಯಷ್ಟು ಸಾಕು, ಅಂದ ಫೋನಿನೊಳಗಿನ ಹುಡುಗ.
"ಹಸೀ ಬಟಾಣಿಯೋ, ಒಣಗಿದ್ದೋ?" ಅಂದಳು ಅವ್ವ,
ಟಿವಿಯಿಂದ ಕಣ್ಣು ತೆಗೆಯದೆ.
ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಅವನು ಹೇಳಿರಲಿಲ್ಲ.

ಸರಳು ಒತ್ತಿದಾಗ ಕಿರ್ರ್ ಅಂತು,
ಏಳು ಸಾವಿರ ಮುರಿದೇ ಹೋಯಿತೆಂದು ಕಣ್ಣು ಮುಚ್ಚಿದೆ.
ಹಾಗನ್ನುವುದು ಅದರ ಪದ್ಧತಿಯಂತೆ.

ಆನ್ ಮಾಡಿದೆ. ಫ್ಯಾನು ತಿರುಗಿತು. ಪರದೆ ಕಪ್ಪು.
ಬೀ—ಪ್. ಬಿಪ್. ಬಿಪ್.
ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಮತ್ತೆ ಅದೇ.

ಮರುದಿನ ಹಾಲೇಶಪ್ಪನವರಿಗೆ ಬಾಯಲ್ಲೇ ಕೂಗಿ ತೋರಿಸಿದೆ.
ಮೊಳೆ ಜೋಡಿಸಿ ಬೆರಳು ಸವೆದ ಹಳೇ ಆಸಾಮಿ,
ಕನ್ನಡಕ ಹಣೆಗೇರಿಸಿ ಅಂದರು:
"ಒಂದು ಗುರು, ಎರಡು ಲಘು. ಭಗಣ ಕಣೋ.
ನಿನ್ನ ಮಿಷನ್ನು ಛಂದಸ್ಸು ಓದಿದೆ, ನೀನು ಓದಿಲ್ಲ."

ಖಲಂದರನಿಗೆ ಛಂದಸ್ಸು ಗೊತ್ತಿಲ್ಲ, ಅರ್ಥ ಗೊತ್ತು.
"ಚಿತ್ರ ಇಲ್ಲ ಅಂತಿದೆ ಭಾಯ್.
ಪ್ರೊಸೆಸರ್ ಹೆಸರಿನ ಕೊನೇ ಅಕ್ಷರ ನೋಡು."
ನೋಡಿದೆ. ಎಫ್.
ಸಾವಿರದಿನ್ನೂರು ಕಮ್ಮಿಯಾದದ್ದು ಆ ಒಂದಕ್ಷರಕ್ಕೆ.
ಎಫ್ ಇದ್ದರೆ ಲೆಕ್ಕ ಬರುತ್ತದೆ, ಚಿತ್ರ ಬರುವುದಿಲ್ಲ,
ಕಾರ್ಡು ಹಾಕುವವರೆಗೆ ಕುರುಡು.
ಊರ ಸೊಸೆಯರ ಒತ್ತು ದೀರ್ಘ ತಿದ್ದುವವನು
ನನ್ನದೇ ಪ್ರೂಫು ನೋಡಿಕೊಂಡಿರಲಿಲ್ಲ.

ಅಷ್ಟರಲ್ಲಿ ಆಷಾಢ.
ಮದುವೆಯಿಲ್ಲ, ಓಟಿಯಿಲ್ಲ, ಕಾರ್ಡಿಲ್ಲ.
ದಿನಾ ರಾತ್ರಿ ಒಂದು ಸಲ ಆನ್ ಮಾಡಿ
ಗುರು ಲಘು ಲಘು ಕೇಳಿ ಮಲಗುತ್ತಿದ್ದೆ.
ಒಂಬತ್ತೂವರೆ ಆಯಿತೆಂದು ಅವ್ವ ಹಾಲಿಗೆ ಹೆಪ್ಪು ಹಾಕುತ್ತಿದ್ದಳು.

ಸಾವಿಗೆ ಆಷಾಢವಿಲ್ಲ.
ಒಂದೇ ವಾರ ಮೂರು ಶಿವಗಣಾರಾಧನೆ, ಎರಡು ವೈಕುಂಠ,
ಎಲ್ಲಾ ಅರ್ಜೆಂಟು, ಎಲ್ಲಾ ನಾಳೆ ಬೆಳಿಗ್ಗೆಗೆ.
ಮೂಲೆಗೆ ಅರಿಶಿನ ಹಚ್ಚುವ ಕೆಲಸವಿಲ್ಲ, ಬೇಗ ಆಗುತ್ತದೆ.
ರಾತ್ರಿ ಎರಡರವರೆಗೆ ಮಡಿಸಿದೆ.
ಒಂದೊಂದು ಹೆಸರನ್ನೂ ಮೂರು ಸಲ ಓದಿದೆ:
ಇವರು ಬಂದು ತಪ್ಪು ತೋರಿಸಲಾರರು.

ಭದ್ರಾವತಿಯಲ್ಲಿ ಸೈಬರ್ ಸೆಂಟರ್ ಮುಚ್ಚಿದವನೊಬ್ಬ
ಮೂರು ಸಾವಿರದೆಂಟುನೂರಕ್ಕೆ ಹಳೇ ಕಾರ್ಡು ಕೊಟ್ಟ.
ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ.
"ಮೀನೇನಪ್ಪಾ?" ಅಂತ ಬಸ್ಸಿನಲ್ಲಿ ಪಕ್ಕದವರು ಸರಿದು ಕೂತರು.

ಬಿಪ್.
ಒಂದೇ. ಗಿಡ್ಡದು.
"ಯಾಕೋ, ಇವತ್ತು ಅರ್ಧಕ್ಕೇ ನಿಲ್ಲಿಸ್ತು?" ಒಳಗಿಂದ ಅವ್ವ.

ಮತ್ತೆರಡು ರಾತ್ರಿ ಏನೇನೋ ತುಂಬಿಸಿದ ಮೇಲೆ
ಪರದೆ ತುಂಬ ಹಸಿರು ಬಯಲು, ದೂರದಲ್ಲೊಂದು ಕೋಟೆ.
ಐದು ಜನ ಗುರುತಿಲ್ಲದವರು ಕೊಡಿಸಿದ ಬೆಳಕು.
ಆಟ ಹೆಸರು ಕೇಳಿತು.
ಅಚ್ಚಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲದ,
ಯಾವ ಮಂಟಪವೂ ಏರದ ಒಬ್ಬಳು ನನಗೆ ಗೊತ್ತಿದ್ದಳು.
ವಿತುನಾ, ಅಂತ ಹೊಡೆದೆ.

ಕತ್ತಿ ಹಿಡಿದು ನಿಂತಳು.
ಸೆಕೆಂಡಿಗೆ ಮೂವತ್ತೇ ಚಿತ್ರ, ಒಂಚೂರು ತಡವರಿಸುತ್ತಾಳೆ.
ಆದರೂ ಇಳಿದಳು ಬಯಲಿಗೆ.