ಕೀಲಿ ಕೊಡುವ ಗುರುವಾರ

ಲೊಬ್ರಿಯಾಕ್‌ನಲ್ಲಿ ಅಂಗಡಿಯಿಲ್ಲ.
ವಾರಕ್ಕೆ ಮೂರು ಸಲ ಬ್ರೆಡ್ಡಿನ ವ್ಯಾನು
ಕೊಳದ ಬಳಿ ನಿಂತು ಹಾರನ್ ಹೊಡೆಯುತ್ತದೆ,
ಇದ್ದಬದ್ದ ಬಾಗಿಲೆಲ್ಲ ತೆರೆಯುತ್ತವೆ,
ಎಂದರೆ ಹನ್ನೊಂದು.
ಉಳಿದವು ಆಗಸ್ಟಿನ ಬಾಗಿಲುಗಳು,
ಪ್ಯಾರಿಸಿನವರು ಬಂದರಷ್ಟೇ ಕಣ್ಣುಬಿಡುತ್ತವೆ.

ಇಗರ್ಜಿ ನೋಡಬೇಕೆಂದರೆ
ಅರ್ಮೆಲ್ ಮನೆಯ ಹಸಿರು ಕದ ತಟ್ಟಬೇಕು,
ಹೆಬ್ಬಾತುಗಳಿಗೆ ಕಾಳು ಹಾಕುವ ಹೊತ್ತು ಬಿಟ್ಟು.
ಚೌಕುಳಿ ಏಪ್ರನ್ನಿಗೆ ಕೈಯೊರೆಸಿಕೊಂಡು
ಗೂಟದಿಂದ ಇಳಿಸಿ ಕೊಟ್ಟಳು:
ಗೇಣುದ್ದದ ಕಬ್ಬಿಣ.
ಹಿಡಿದರೆ ಕೀಲಿಯೆನಿಸದು,
ನೇಗಿಲಿನದೇನೋ ಕಳಚಿ ಬಂದಂತೆ.
ಏನೋ ಅಂದಳು.
ನಾಲ್ಕರಲ್ಲಿ ಒಂದು ಮಾತು ಹಿಡಿಯುವ ನನ್ನ ಫ್ರೆಂಚು
ಹೂಂಗುಟ್ಟಿತು.

ಒಳಗೆ ಎಂಟುನೂರು ವರ್ಷದ ತಂಪು.
ಬಲಗಡೆ ಮೂರನೆಯ ಕಂಬದ ನೆತ್ತಿಯಲ್ಲೊಂದು ಸಿಂಹ.
ಕೆತ್ತಿದವನು ಸಿಂಹ ಕಂಡವನಲ್ಲ.
ಯಾರೋ ಪಾದ್ರಿ ಬಾಯಲ್ಲಿ ಹೇಳಿರಬೇಕು,
ಕೇಸರವಿದೆ, ಕೋರೆಯಿದೆ, ಕಂಡರೆ ನಡುಗಬೇಕು ಎಂದು.
ಅವನು ಅಷ್ಟನ್ನೂ ತಂದು
ತಾನು ಬಲ್ಲ ಟಗರಿನ ಮೋರೆಗೆ ಅಂಟಿಸಿದ.
ಅಣ್ಣನ ಕೋಟು ತೊಟ್ಟು ಮದುವೆಗೆ ಬಂದ ಹುಡುಗನ ಹಾಗೆ
ಅದಕ್ಕೆ ಇನ್ನೂ ಸಂಕೋಚ.
ಗಲ್ಲ ಸವರೋಣವೆಂದರೆ ಕೈ ಎಟುಕಲಿಲ್ಲ.

ಹೊರಗೆ ಯುದ್ಧದ ಕಲ್ಲು.
ಹೆಸರು ಎಣಿಸಿದೆ, ಇಪ್ಪತ್ತಮೂರು,
ಅದರಲ್ಲಿ ನಾಲ್ವರು ಲಾಕೊಂಬ್.
ಬಾಗಿಲು ಹನ್ನೊಂದು.
ಲೆಕ್ಕ ಕೂಡಿಸಲು ನಾನ್ಯಾರು.

ಆಮೇಲೆ ಕೋಟೆ,
ಅಕ್ರೋಟು ತೋಪು ದಾಟಿ ಮೂರು ಮೈಲಿ.
ಕೋಟೆಯೆಂದರೆ ಈಗ ಒಂದೂವರೆ ಗೋಡೆ.
ಇಂಗ್ಲಿಷರು ಮೂರು ಸಲ ಹಿಡಿದರು, ಮೂರು ಸಲ ಬಿಟ್ಟರು
ಎನ್ನುತ್ತದೆ ಫಲಕ.
ಹಿಡಿದು ಬಿಡುವ ನಡುವೆ ಹಸುಗಳ ಹಾಲು ಯಾರು ಕರೆದರೋ,
ಫಲಕಕ್ಕೆ ಗೊತ್ತಿಲ್ಲ.
ಗೋಡೆಯಂಚಿನಲ್ಲಿ ಕೂತು ಚೀಸು ತಿಂದೆ.
ಜೇಬಿನ ಕಬ್ಬಿಣ ತೊಡೆಗೆ ಒತ್ತುತ್ತಿತ್ತು.
ಆಗಲೂ ನೆನಪಾಗಲಿಲ್ಲ.

ಇಳಿಹೊತ್ತಿಗೆ ಮರಳಿದರೆ
ಹನ್ನೊಂದು ಬಾಗಿಲಿನ ಜನವೂ ಚೌಕದಲ್ಲಿ.
ಬ್ರೆಡ್ಡಿನ ದಿನವಲ್ಲ.
ಹೊತ್ತು ಏಳರ ಹತ್ತಿರ ಬಾಗಿತ್ತು,
ಗೋಪುರದ ಗಡಿಯಾರ ಎರಡೂ ಹತ್ತಕ್ಕೆ ನಿಂತಿತ್ತು.
ಇಗರ್ಜಿಯ ಮೆಟ್ಟಿಲ ಮೇಲೆ ಫಿರ್ಮ್ಯಾಂ,
ಎಂಬತ್ತೆರಡರವನು, ಮಂಡಿಯ ಮೇಲೆ ಎಣ್ಣೆಬಟ್ಟೆ,
ಗುರುವಾರ ಗುರುವಾರ ಮಧ್ಯಾಹ್ನಕ್ಕೆ
ಗಡಿಯಾರಕ್ಕೆ ಕೀಲಿ ಕೊಡುವವನು,
ಕೀಲಿಗಾಗಿ ಕಾದು ಕೂತಿದ್ದ.

ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತೆಂದು
ಇವರಿಗೆ ಹೇಗೆ ಹೇಳಲಿ.
ಕೀಲಿ ಕೊಟ್ಟೆ.
ಕ್ಷಮಿಸಿ ಎಂಬ ಒಂದೇ ಪದವನ್ನು ಆರು ಸಲ ಅಂದೆ.
ಅರ್ಮೆಲ್ ಈ ಸಲ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದಳು:
ನಲವತ್ತನಾಲ್ಕರ ಜೂನಿನಲ್ಲಿ ಒಮ್ಮೆ ನಿಂತಿತ್ತು.
ಆಗ ಜರ್ಮನರ ಟ್ರಕ್ಕು ಬಂದಿದ್ದವು.
ಈಗ ನೀವು.

ಕೆಲವರು ನಕ್ಕರು.
ಎಲ್ಲರೂ ಅಲ್ಲ.

ಫಿರ್ಮ್ಯಾಂ ಮಾತಾಡಲಿಲ್ಲ,
ತೋಳು ಹಿಡಿದು ಗೋಪುರ ಹತ್ತಿಸಿದ.
ಪಾರಿವಾಳದ ಹಿಕ್ಕೆ, ಹಗ್ಗ, ತೂಗುವ ಎರಡು ಗುಂಡುಕಲ್ಲು.
ಹಿಡಿಕೆ ತೋರಿಸಿದ.
ನೂರಾ ಹದಿನಾಲ್ಕು ಸುತ್ತು, ನೀನೇ ತಿರುಗಿಸು.
ಅವನು ಅವನ ಭಾಷೆಯಲ್ಲಿ ಎಣಿಸಿದ, ನಾನು ಕನ್ನಡದಲ್ಲಿ,
ಅರವತ್ತೊಂಬತ್ತರ ತನಕ ಜೋಡೆತ್ತಿನ ನಡಿಗೆ.
ಆಮೇಲೆ ಅವನದು ಅರವತ್ತರ ಮೇಲೆ ಹತ್ತು,
ನಾಲ್ಕು ಇಪ್ಪತ್ತು, ನಾಲ್ಕು ಇಪ್ಪತ್ತರ ಮೇಲೆ ಹದಿನೇಳು.
ಕೇಳುತ್ತ ಕೇಳುತ್ತ ನನ್ನ ತೊಂಬತ್ತು ಎಲ್ಲೋ ಜಾರಿತು.
ಅವನದೂ ಜಾರಿತೆಂದು ಮುಖ ಹೇಳುತ್ತಿತ್ತು.
ಸಾಕು ಅನ್ನಿಸಿದಾಗ ಸಾಕು ಮಾಡಿದೆವು.

ತನ್ನ ಕೈಗಡಿಯಾರ ನೋಡಿದ, ನನ್ನದು ನೋಡಿದ,
ನಡುವೆ ಏಳು ನಿಮಿಷ.
ತುಸು ಯೋಚಿಸಿ, ಅತಿಥಿಯ ಮರ್ಯಾದೆಗೋ ಏನೋ,
ನನ್ನದಕ್ಕೇ ಮುಳ್ಳು ಕೂರಿಸಿದ.
ನನ್ನದು ಯಾವಾಗಲೂ ಮುಂದೋಡುವ ಗಡಿಯಾರ.
ಅಷ್ಟು ಹೇಳುವ ಫ್ರೆಂಚು ನನ್ನಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಬ್ರೆಡ್ಡಿನವನನ್ನು
ತಡವಾಗಿ ಬಂದೆಯೆಂದು ಹನ್ನೊಂದು ಬಾಗಿಲೂ ಬೈದವು.
ಅವನು ಗೋಪುರ ನೋಡಿದ, ಮೊಬೈಲು ನೋಡಿದ,
ಗೋಪುರವನ್ನೇ ನಂಬಿದ.
ನಾನು ಸಾಲಿನ ಕೊನೆಯಲ್ಲಿ,
ತಲೆ ತಗ್ಗಿಸಿ
ಚಿಲ್ಲರೆ ಎಣಿಸುತ್ತಿದ್ದೆ.