ಟವೆಲ್ಲು ಬೀಳುವಷ್ಟರಲ್ಲಿ

ಮಂಡ್ಯದ ನೂರಡಿ ರಸ್ತೆ, ಜೆರಾಕ್ಸ್ ಅಂಗಡಿಯ ಮೇಲೆ
ಸಂಜೆ ಆರೂವರೆಯ ಕ್ಲಾಸು.
ಕಿಟಕಿ ತೆಗೆದರೆ ಕಾಕಂಬಿಯ ವಾಸನೆ, ಮುಚ್ಚಿದರೆ ಸೆಕೆ.
ಬೋರ್ಡಿನ ಮೇಲೆ ಬರೆದೆ:
ಅಟ್ ದ ಡ್ರಾಪ್ ಆಫ್ ಅ ಹ್ಯಾಟ್.

ಹ್ಯಾಟು ಕೆಳಗೆ ಬೀಳುವಷ್ಟರಲ್ಲಿ, ಅಂದೆ.
ಅಂದರೆ ಕರೆದ ಕೂಡಲೆ. ಯಾಕೆ, ಎಷ್ಟು, ಆಮೇಲೇನು
ಎಂದು ಕೇಳದೆ ಹೊರಟುಬಿಡುವುದು.

‘ಹ್ಯಾಟ್ ಬೀಳ್ಸೋರ್ ಯಾರು ಮಿಸ್?’
ಮೊಬೈಲ್ ರಿಪೇರಿಯ ಸಿದ್ದಪ್ಪಾಜಿ.
ಹಿಂದೆ ಆ ಕಡೆ ಕುಸ್ತಿಗೋ ಓಟಕ್ಕೋ
ಹ್ಯಾಟು ಬೀಳಿಸಿ ಶುರು ಮಾಡುತ್ತಿದ್ದರಂತೆ.
ನಾನೇನು ಕಂಡೆನೇ.

ವಾಕ್ಯ ಮಾಡಿ, ಅಂದೆ.
ಹ್ಯಾಟು ಬೀಳುವಷ್ಟರಲ್ಲಿ ಓನರ್ ಬೈತಾನೆ, ಅಂದ.
ಅದೂ ಸರಿಯೇ. ಈ ಮಾತು ಸಿಟ್ಟಿಗೂ ಬರುತ್ತದೆ, ಅಳುವಿಗೂ.
ತಮ್ಮ ಬಿರಿಯಾನಿಗೆ ಹೊರಡುವುದನ್ನು ರುಕ್ಸಾನ ಓದಿದಳು.
ಎಲ್ಲರೂ ನಕ್ಕರು.

ಆಸ್ಪತ್ರೆಯ ಆಯಾ ಪುಟ್ಟಲಕ್ಷ್ಮಿ ಏನೂ ಬರೆದಿರಲಿಲ್ಲ.
‘ನಮ್ಮಲ್ಲಿ ಹ್ಯಾಟಿಲ್ಲ ಮಿಸ್, ಟವೆಲ್ ನಡೀತದಾ?’

ನಾಲೆ ಏರಿಯ ಮೇಲೆ ಅವರ ಮನೆ.
ನಾಲೆ ತುಂಬಿದಾಗ ಮೇಲೆ ನಿಂತಂತೆ ಕಾಣುವ ನೀರು,
ಒಳಗೆ ಎತ್ತನ್ನೂ ಎಳೆವ ಸೆಳವು.
ಬಟ್ಟೆ ಒಗೆಯಲು ಬಂದವರು, ಈಜು ಬಾರದ ಕಾಲೇಜು ಹುಡುಗರು,
ಒಂದು ಸಲ ತಿರುವಿನಲ್ಲಿ ತರಕಾರಿಯ ಟೆಂಪೊ.
‘ಯಾರಾದ್ರೂ ಕೂಗುದ್ರೆ ಸಾಕು,
ಹೆಗಲ ಟವೆಲ್ ನೆಲ ಮುಟ್ಟೋಕ್ ಮುಂಚೆ
ನಮ್ಮಪ್ಪ ನೀರ್ ಮುಟ್ಟಿರೋನು.’
ಮುದ್ದೆ ಮುರಿದ ಕೈಯಲ್ಲೇ.
ಟವೆಲ್ಲು ಎತ್ತಿಕೊಂಡು ಅವ್ವ ಏರಿಯುದ್ದಕ್ಕೂ
ಬೈಯುತ್ತಾ ಓಡುವಳಂತೆ.
ಹನ್ನೊಂದು ಜನ ಬದುಕಿ ಬಂದರು.
ಆರು ಜನ ಬರೀ ಬಂದರು.
ಒಂದು ಬೀಡಿ ಬಿಟ್ಟು ಯಾರ ಹತ್ತಿರವೂ ಏನೂ ಕೇಳಿದವನಲ್ಲ.

ನಾನು ಚಾಕ್‌ಪೀಸ್ ಹಿಡಿದು ನಿಂತಿದ್ದೆ.
ನನ್ನ ಮನೆಮಾತು ‘ನೋಡೋಣ’.
ಅಕ್ಕನ ಆಪರೇಷನ್ನಿಗೆ ರಕ್ತ ಬೇಕೆಂದಾಗಲೂ
ಬಾಯಿಗೆ ಮೊದಲು ಬಂದದ್ದು ಅದೇ.
ಕೊಟ್ಟೆ, ಆಮೇಲೆ. ಎರಡು ಸಲ ಕೊಟ್ಟೆ.
ಆದರೆ ಅವಳು ಕೇಳಿಸಿಕೊಂಡಿದ್ದಳು.

‘ಈಗ?’ ಅಂದ ಸಿದ್ದಪ್ಪಾಜಿ.
‘ಈಗ ಮೈಯೆಲ್ಲ ನಡುಕ.
ಟವೆಲ್ ತಾನಾಗೇ ಜಾರ್ತದೆ, ದಿನಕ್ಕೆ ಹತ್ತು ಸಲ.
ಜಾರ್ದಾಗೆಲ್ಲ ನಮ್ಮಪ್ಪ ಎದ್ದು ನಿಂತ್ಕತದೆ.
ಎಲ್ಲಿ, ಯಾರು, ಅಂತದೆ.
ಯಾರೂ ಇಲ್ಲ ಕೂತ್ಕಳಪ್ಪ, ಅಂತೀವಿ.
ಕೂತ್ಕಳಾಕೆ ಹೊತ್ತಾಯ್ತದೆ.’

ಕೆಳಗೆ ಜೆರಾಕ್ಸ್ ಮಷೀನು ಒಂದೇ ಸಮ ಕಾಗದ ಉಗುಳುತ್ತಿತ್ತು.
‘ಇದ್ನ ಇಂಗ್ಲಿಷ್‌ನಲ್ಲಿ ಹೆಂಗ್ ಹೇಳೋದು ಮಿಸ್?’
ಕ್ಲಾಸು ಮುಗಿಯಲು ಮೂರು ನಿಮಿಷ.
ನಾಳೆ, ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ಅದರ ಬೆನ್ನಿಗೇ
ಆ ಇನ್ನೊಂದು ಮಾತು.

ಹ್ಯಾಟನ್ನು ಒರೆಸಿದೆ.
ಮೈ ಫಾದರ್, ಎಂದು ಬರೆದು
ಅವಳ ಕಡೆ ತಿರುಗಿದೆ.