ಇನ್ನೂರು ಲೀಟರು

ಮಲ್ಪೆಯಿಂದ ಲಾರಿಯಲ್ಲಿ, ಬಂಗುಡೆ ಪೆಟ್ಟಿಗೆಗಳ ನಡುವೆ
ಗೋಣಿ ಸುತ್ತಿಕೊಂಡು ಬಂದದ್ದು
ಎಂಟು ಕುದುರೆಯ ದೋಣಿ ಮೋಟಾರು.
ಒಂದು ಕುದುರೆಯೂ ಎದ್ದು ನಿಲ್ಲದು.

ಹಗ್ಗ ಎಳೆದೆ. ಎಳೆದೆ.
ಹದಿನೇಳನೆಯ ಸಲಕ್ಕೆ ಕೂಗಿದ್ದು ನನ್ನ ಭುಜ.
ಕಾಂಟ್ರಾಕ್ಟರು ಮುನಿಚೌಡಪ್ಪ ಫೋನಿನಲ್ಲಿ:
"ಸೋಮವಾರ ದೋಣಿ ಇಳೀಲೇಬೇಕು ಕಣಪ್ಪ,
ಹಲಸೂರು ಕೆರೆ ತುಂಬ ಅಂತರಗಂಗೆ,
ಕೀಳದಿದ್ರೆ ಬಿಲ್ಲು ಪಾಸಾಗಲ್ಲ."
ಮೆಕ್ಯಾನಿಕ್ಕಿಗೆ ದುಡ್ಡು ಕೇಳಿದೆ.
"ಸ್ಕೂಟರ್ ಬಿಚ್ಚಿಲ್ವಾ ನೀನು? ಹಂಗೇ ಇದೂನೂ."

ಬಿಚ್ಚಿದೆ.
ಮರ್ಫಿ ಟೌನಿನ ನಮ್ಮ ಗಲ್ಲಿಯಲ್ಲಿ
ಹಳೆಯ ಚುನಾವಣೆಯ ಫ್ಲೆಕ್ಸು ಹಾಸಿ
ಯಾರದೋ ಮುಗಿದ ಕೈಗಳ ಮೇಲೆ
ನಟ್ಟು ಬೋಲ್ಟು ಸಾಲಾಗಿ ಇಟ್ಟೆ.
ಬಂದ ಕ್ರಮದಲ್ಲೇ ಹಿಂದಕ್ಕೆ ಹೋಗಬೇಕು,
ನನಗೆ ಗೊತ್ತಿದ್ದ ವಿದ್ಯೆ ಇಷ್ಟೇ.

ಪ್ಲಗ್ಗು ಕಪ್ಪು, ಒದ್ದೆ, ಆರಿದ ಬತ್ತಿಯ ಹಾಗೆ.
ಗೇರಿನ ಎಣ್ಣೆ ಇಳಿಯಿತು
ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿ:
ಸೀಲು ಹೋಗಿದೆ, ನೀರು ಒಳಗೆ.
ಪಂಪಿನ ರಬ್ಬರು ಚಕ್ರಕ್ಕೆ ಆರು ಎಸಳು,
ಉಳಿದದ್ದು ಮೂರು.
ನೀರು ಹಾಯುವ ಸಣ್ಣ ದಾರಿಯನ್ನು ಸೈಕಲ್ ಕಡ್ಡಿಯಿಂದ ಕೆದಕಿದರೆ
ಬೆಳ್ಳಗೆ ಪುಡಿಪುಡಿ ಉದುರಿತು.
ನಾಲಿಗೆಗೆ ಇಟ್ಟೆ, ಏಕೆಂದು ಕೇಳಬೇಡಿ.
ಉಪ್ಪು.
ನಲವತ್ತೆರಡು ವರ್ಷ ಸಮುದ್ರ ನೋಡದವನ ಬಾಯಿಗೆ
ಅದು ಹೀಗೆ ಬಂತು,
ಸೀಮೆಎಣ್ಣೆಯ ವಾಸನೆ ಸಮೇತ.

ಜೆ.ಸಿ. ರಸ್ತೆಯ ಹಿಂದೆ ಲೇತು ಇಟ್ಟ ಸಿಬ್ಗತ್ ಸಾಬರು
ಕಾರ್ಬೊರೇಟರನ್ನು ಬೆಳಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿ ನಕ್ಕರು:
"ಘಟ್ಟ ಹತ್ತಿದ್ದು ಇದಕ್ಕಿನ್ನೂ ಗೊತ್ತಾಗಿಲ್ಲ.
ಮೂರು ಸಾವಿರ ಅಡಿ ಮೇಲೆ ಗಾಳಿ ತೆಳು,
ಇದು ಕೆಳಗಿನ ಲೆಕ್ಕದಲ್ಲೇ ಕುಡೀತಾ ಇದೆ."
ಒಂದು ಸೈಜು ಸಣ್ಣ ಜೆಟ್ಟು ಕೊಟ್ಟರು, ಯಾವುದೋ ಬೈಕಿನದು.
ರಬ್ಬರು ಚಕ್ರ ಇಡೀ ಊರಲ್ಲಿ ಸಿಗಲಿಲ್ಲ;
ಬೇರೆ ಪಂಪಿನದೊಂದನ್ನು ಕೊರೆದು ಕೂರಿಸಿದರು.
ಪ್ರೊಪೆಲರಿನ ಪಿನ್ನಿಗೆ ಹಿತ್ತಾಳೆ ಕಡ್ಡಿ ಕತ್ತರಿಸುವಾಗ
ಉಕ್ಕಿನದೇ ಹಾಕಿ, ಗಟ್ಟಿ ಇರಲಿ, ಅಂದೆ.
"ಗಟ್ಟಿ ಬೇಡ. ಕಲ್ಲು ಸಿಕ್ಕಾಗ ಇದು ಮುರೀಬೇಕು.
ಇದು ಮುರೀದಿದ್ರೆ ಒಳಗಿನ ಹಲ್ಲು ಮುರಿಯತ್ತೆ.
ಎರಡು ಜಾಸ್ತಿ ಇಟ್ಕೋ ಜೇಬಲ್ಲಿ."

ಭಾನುವಾರ. ನೀಲಿ ಡ್ರಮ್ಮು.
ದೋಣಿ ಮೋಟಾರು ಒಣಗಂಟಲಲ್ಲಿ ಓಡದು,
ಕುಡಿಯುತ್ತಲೇ ಇರಬೇಕು.
ನಲ್ಲಿ ಬಂದು ನಾಲ್ಕು ದಿನ.
ಟ್ಯಾಂಕರಿನಿಂದ ನಮ್ಮ ಪಾಲಿಗೆ ಇಳಿದ ಇನ್ನೂರು ಲೀಟರು
ಕೇಬಲ್ ತಂತಿ ಎಳೆದ ಆಕಾಶದ ತುಂಡೊಂದನ್ನು ಹಿಡಿದು
ಅಲುಗದೆ ನಿಂತಿತ್ತು.
ಪುಷ್ಪಲೀಲಾ ಏನೂ ಅನ್ನಲಿಲ್ಲ.
ಅಡಿಗೆಗೆ ಎರಡು ಕೊಡ ತೆಗೆದಿಟ್ಟಳು,
ಮೂರನೆಯದನ್ನು ನನ್ನ ಮುಖ ನೋಡುತ್ತ ತುಂಬಿದಳು.
ಎದುರುಮನೆ ಸಗಾಯಮ್ಮ ಮೆಟ್ಟಿಲ ಮೇಲಿಂದ
"ಮನುಷ್ಯರಿಗಿಲ್ಲ, ಮಿಷನ್ನಿಗೆ ಸ್ನಾನ!"
ಗಲ್ಲಿಗೆಲ್ಲ ಕೇಳುವಂತೆ.

ಹಗ್ಗ ಎಳೆದೆ.
ಕೆಮ್ಮಿತು.
ಚೋಕು ಅರ್ಧ ಒಳಗೆ. ಎಳೆದೆ.
ಹಿಡಿಯಿತು ನೋಡಿ,
ನಾಯಿಗಳು ಎದ್ದು ಓಡಿದವು, ನೀಲಿ ಹೊಗೆ,
ಡ್ರಮ್ಮಿನೊಳಗೊಂದು ಕಡಲು ಕುಣಿದು ನನ್ನ ಲುಂಗಿ ತೊಯ್ಯಿಸಿತು.
ನಾನು ಕಾದದ್ದು ಪಕ್ಕದ ಪುಟ್ಟ ತೂತಿಗೆ.
ಎಣಿಸಿದೆ. ಒಂಬತ್ತಕ್ಕೆ
ಗಂಡುಕೂಸು ಹೊಯ್ದಂಥ ಧಾರೆ.
ಬೆರಳಿಟ್ಟೆ: ಬೆಚ್ಚಗೆ.
ಇನ್ನೊಮ್ಮೆ ಇಟ್ಟೆ.

ನಿಲ್ಲಿಸಿದಾಗ ಡ್ರಮ್ಮಿನಲ್ಲಿ ಅರ್ಧ,
ಮೇಲೆ ಎಣ್ಣೆಯ ಕಾಮನಬಿಲ್ಲು.
ಮೊದಲು ಬಂದದ್ದು ಸಗಾಯಮ್ಮನ ಬಕೆಟ್ಟು:
"ಕಕ್ಕಸಿಗಾಗತ್ತೆ, ಸುರಿ."
ಹಿಂದೆ ಇನ್ನಾರು ಬಕೆಟ್ಟು.
ಮೋಟಾರಿನ ಬಗ್ಗೆ ಕೇಳಿದ್ದು ಒಂದು ಮಗು ಮಾತ್ರ:
"ದೋಣಿ ಎಲ್ಲಿ ಅಂಕಲ್?"

ಫ್ಲೆಕ್ಸು ಮಡಚುವಾಗ ವಾಷರೊಂದು ಉಳಿದಿತ್ತು,
ಎಲ್ಲಿಯದೋ ಹೊಳೆಯಲಿಲ್ಲ.
ಪಿನ್ನುಗಳ ಜೊತೆ ಜೇಬಿಗೆ ಹಾಕಿಕೊಂಡೆ.
ಆಟೋದವ ಒಮ್ಮೆ ಮೋಟಾರು, ಒಮ್ಮೆ ನನ್ನ ಒದ್ದೆ ಲುಂಗಿ ನೋಡಿ,
"ಕೆರೆಗಾ? ಮೀಟರ್ ಮೇಲೆ ಐವತ್ತು."